ಮೈಲಾರವ್ವನ ನೋವಿನ ಅಳತೆ

ಮೊರಬದ ಸುಮಂಗಲಾ ಬಸ್ಸಿಗೆ ಹೊರಡುವ ಮುನ್ನ ದೇವರ ಮುಂದೆ ದೀಪ ಹಚ್ಚಿ, ಆ ದಿನ ಶಾಲೆಯಲ್ಲಿ ಹೇಳಬೇಕಾದ ಇಂಗ್ಲಿಷ್ ಪಾಠವನ್ನು ಅಲ್ಲಿಯೇ ಮೆಲುದನಿಯಲ್ಲಿ ಒಮ್ಮೆ ಹೇಳಿಕೊಳ್ಳುತ್ತಿದ್ದಳು. ಜ್ವರವಿದ್ದರೂ ಇದನ್ನು ತಪ್ಪಿಸಿದವಳಲ್ಲ. ಒಲೆಯ ಮುಂದೆ ಕೂತ ತಾಯಿ ಮೈಲಾರವ್ವ, “ದೇವರಿಗೂ ಇಂಗ್ಲಿಷ್ ಕಲಿಸಾಕ ಹತ್ತೀ ಏನ ಬೇ? ಪಾಪ, ಅವನರ ಪಾಸಾಗ್ಲಿ” ಎಂದು ಚೇಷ್ಟೆ ಮಾಡುತ್ತಿದ್ದಳು.

ಪಕ್ಕದ ಊರಿನ ಹೈಸ್ಕೂಲಿನಲ್ಲಿ ಸುಮಂಗಲಾ ಅತಿಥಿ ಶಿಕ್ಷಕಿ. ಮಕ್ಕಳು ಎಲ್ಲದಕ್ಕೂ ‘ವೆರಿ’ ಹಚ್ಚಿ ಬರೆಯುತ್ತಿದ್ದರು. ಅರುಣಾ ಎಂಬ ಹುಡುಗಿಯ ಪ್ರಬಂಧದಲ್ಲಂತೂ ಎಮ್ಮೆ ವೆರಿ ವೆರಿ ಕಪ್ಪು, ಹೆಡ್‌ಮಾಸ್ತರರು ವೆರಿ ವೆರಿ ಒಳ್ಳೆಯವರು. ಸುಮಂಗಲಾ ನಕ್ಕು ಅವನ್ನೆಲ್ಲ ಹೊಡೆದುಹಾಕುತ್ತಿದ್ದಳು. ಚಹಾ ‘ವೆರಿ ಹಾಟ್’ ಎಂದರೆ ಊದಿ ಕುಡಿಯಬಹುದು, ‘ಟೂ ಹಾಟ್’ ಎಂದರೆ ಬಾಯಿಗೆ ಇಡಲಾಗದು. ಇಂಥ ಪದವನ್ನು ಬೇಕಾದಲ್ಲಿ ಮಾತ್ರ ಇಡಬೇಕು, ಕಂಡಕಂಡಲ್ಲಿ ಇಟ್ಟರೆ ನಿಜವಾಗಿ ಬೇಕಾದಾಗ ಯಾರೂ ಕಿವಿಗೊಡುವುದಿಲ್ಲ ಎಂದು ತಿಳಿಹೇಳುತ್ತಿದ್ದಳು.

ಮೈಲಾರವ್ವನ ಬಾಯಲ್ಲಿ ಅಂಥ ಪದವೇ ಇರಲಿಲ್ಲ. ಹರೆಯದಿಂದಲೂ ಕಂಡವರ ಹೊಲದಲ್ಲಿ ಕಳೆ ತೆಗೆದವಳು. ನಸುಕಿನಲ್ಲಿ ಟ್ರ್ಯಾಕ್ಟರ್ ಹತ್ತುವಾಗ ‘ಸೊಂಟ ಭಾಳ ನೋವು’ ಎಂದ ಹೆಂಗಸನ್ನು ಮರುದಿನ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಹೀಗಾಗಿ ಆ ಹೆಂಗಸರಿಗೆಲ್ಲ ಎಂಥ ನೋವೂ ‘ಸ್ವಲ್ಪ’. ಸುಮಂಗಲಾ ಹುಟ್ಟಿದ ದಿನವೂ ಹಾಗೆ ಹೇಳಿಯೇ ಅವಳು ಹೊಲಕ್ಕೆ ಹೋಗಿದ್ದಳಂತೆ.

ಕಳೆದ ಶ್ರಾವಣದಲ್ಲಿ ಮೈಲಾರವ್ವನಿಗೆ ಹೊಟ್ಟೆನೋವು ಬಂತು. ರೊಟ್ಟಿ ಮುಟ್ಟದಾದಳು. ಮಗಳು ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಳು. ಬೇರೆ ಸೀಮೆಯಿಂದ ಬಂದ ಎಳೆಯ ಡಾಕ್ಟರಿಗೆ ಕನ್ನಡ ಬಾರದು. ಹೊರಗೆ ಉದ್ದ ಸಾಲು. ನೋವು ಎಷ್ಟಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಸ್ವಲ್ಪ ಐತ್ರಿ” ಎಂದಳು ತಾಯಿ, ಬೆಂಚಿನ ಅಂಚನ್ನು ಬಿಗಿಹಿಡಿದು.

“ಎ ಲಿಟಲ್” ಎಂದಳು ಮಗಳು.

ಆ ಕೈ ಅವಳಿಗೆ ಕಂಡಿತ್ತು. ತಾಯಿಯ ‘ಸ್ವಲ್ಪ’ ಎಂದರೆ ಎಷ್ಟೆಂಬುದೂ ಗೊತ್ತಿತ್ತು. ಆದರೆ ಇನ್ನೊಬ್ಬರ ಮಾತಿಗೆ ತನ್ನದೊಂದು ಪದ ಸೇರಿಸುವುದು ಅವಳ ರೂಢಿಯಲ್ಲಿರಲಿಲ್ಲ. ಡಾಕ್ಟರು ಗುಳಿಗೆ ಬರೆದು ಕಳಿಸಿದರು. ಆ ವಾರ ಕಳೆಯುವುದರೊಳಗೆ ಕರುಳು ಒಡೆದು ಮೈಲಾರವ್ವ ತೀರಿಕೊಂಡಳು. ದೇವರು ಕ್ಷಮಿಸಿಯಾನು ಎಂದು ಓಣಿಯವರು ಸಮಾಧಾನ ಹೇಳಿದರು. ಸುಮಂಗಲಾಗೆ ತನ್ನನ್ನು ತಾನು ಕ್ಷಮಿಸಿಕೊಳ್ಳಲು ಆಗಲಿಲ್ಲ.

ಈ ವರ್ಷ ‘ವೆರಿ’, ‘ಟೂ’ಗಳ ಆ ಪಾಠ ಮತ್ತೆ ಬಂತು. ಬೋರ್ಡಿನ ಮೇಲೆ ‘ವೆರಿ’ ಎಂದು ಒಂದೇ ಒಂದು ಪದ ಬರೆದವಳು ಸೀಮೆಸುಣ್ಣ ಕೆಳಗಿಟ್ಟುಬಿಟ್ಟಳು. ಹುಡುಗಿಯರು ಪಿಸುಗುಟ್ಟತೊಡಗಿದರು. ಅವಳು ಹೊರಬಂದು ಪಡಸಾಲೆಯ ಕಂಬಕ್ಕೆ ಒರಗಿದಳು.

ಹೆಡ್‌ಮಾಸ್ತರ ಈರಬಸಪ್ಪನವರಿಗೆ ಎಲ್ಲ ಗೊತ್ತಿತ್ತು. ನೀರು ತಂದುಕೊಟ್ಟು, “ಒಂದ ಮಾರ್ಕಿನ ಪಾಠ ಐತಿ ಬಿಡ್ರಿ. ಈ ವರ್ಷ ನಾ ಮುಗಸ್ತೀನಿ. ನೀವು ಮನಿಗೆ ಹೋಗ್ರಿ” ಎಂದರು.

ಅವಳು ಬಾಗಿಲಿನತ್ತ ನೋಡಿದಳು. ಒಳಗಿದ್ದ ಹುಡುಗಿಯರಲ್ಲಿ ಹೆಚ್ಚಿನವರು ಕೂಲಿಯವರ ಮಕ್ಕಳು.

“ಬ್ಯಾಡ್ರಿ ಸರ್” ಎಂದಳು. “ನಾಳೆ ಅವ್ವನ ಜೋಡಿ ದವಾಖಾನಿಗೆ ಹೋಗಾವ್ರು ಇವರ. ಡಾಕ್ಟರ್ ಮುಂದ ಬಾಯಿ ಬಿಡಾವ್ರೂ ಇವರ. ನಾನ ಹೇಳಬೇಕ್ರಿ.”