ಕಲ್ಲುಗುಂಡಿ ಸುತ್ತುವ ತಿಮ್ಮರಾಜು

ತಿಮ್ಮರಾಜು ನನಗೆ ಷಡ್ಡಕ. ನನ್ನ ಹೆಂಡತಿ ಸಿದ್ದಲಿಂಗಮ್ಮ ಅಕ್ಕ, ಅವನ ಹೆಂಡತಿ ಬೈರಮ್ಮ ತಂಗಿ. ಬೀದಿಯ ಆ ಕಡೆ ಅವನ ಮನೆ, ಈ ಕಡೆ ನಮ್ಮದು. ಮೂವತ್ತು ವರ್ಷದಿಂದ ಬೆಳಗ್ಗೆ ಬಾಗಿಲು ತೆಗೆದರೆ ಮೊದಲು ಕಾಣುವುದು ಅವನ ಮುಖ. ನನ್ನ ಬಿ.ಪಿ.ಗೆ ಡಾಕ್ಟರು ಉಪ್ಪು ಕಾರಣ ಎನ್ನುತ್ತಾರೆ. ನಾನು ಹಾಗೆ ನಂಬಿಲ್ಲ.

ಅವನು ಕೆಟ್ಟವನಲ್ಲ, ಕಳ್ಳನಲ್ಲ, ಕುಡುಕನಲ್ಲ. ಇವುಗಳಲ್ಲಿ ಯಾವುದಾದರೂ ಒಂದಾಗಿದ್ದರೆ ಮನುಷ್ಯನೆಂದಾದರೂ ಲೆಕ್ಕಕ್ಕೆ ಹಿಡಿಯಬಹುದಿತ್ತು. ಅವನು ದೊಡ್ಡವರ ಪಕ್ಕದಲ್ಲಿ ನಿಲ್ಲುವವನು, ಅಷ್ಟೇ. ನಮ್ಮೂರಿನ ಗುಡ್ಡದಲ್ಲಿ ಕಲ್ಲು ಕ್ವಾರಿ ಶುರುವಾದಾಗ ಇವನು ಅಲ್ಲಿ ರೈಟರ್ ಆಗಿ ಸೇರಿಕೊಂಡ. ರೈಟರ್ ಅಂದರೆ ಲಾರಿ ಲೆಕ್ಕ ಬರೆಯುವ ಕೆಲಸ. ಇವನು ಬರೆದದ್ದಕ್ಕಿಂತ ಕ್ರಷರ್ ಮಾಲೀಕನಿಗೆ ಕೊಡೆ ಹಿಡಿದದ್ದೇ ಹೆಚ್ಚು. ಬಂಡೆ ಸಿಡಿಸುವ ಹೊತ್ತಿಗೆ ಊರಿನ ಗೋಡೆಗಳೆಲ್ಲ ಬಿರುಕು ಬಿಟ್ಟವು. ಜನ ಕೇಳಲು ಹೋದರೆ ಮಾಲೀಕನಿಗಿಂತ ಮೊದಲು ಇವನೇ ಎದ್ದು ನಿಂತು, "ನಿಮ್ ಗಾರೆ ಸರಿ ಇಲ್ಲ ಕಣ್ರಲಾ, ಸಿಮೆಂಟು ಕಮ್ಮಿ ಹಾಕಿದ್ದೀರಿ" ಎಂದುಬಿಟ್ಟ. ಇವನ ಮನೆಯ ನಡುಮನೆಯಲ್ಲೇ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಅದರ ಮೇಲೆ ಮಾಲೀಕ ಕೊಟ್ಟ ಕ್ಯಾಲೆಂಡರ್ ತೂಗುಹಾಕಿದ್ದ. ವರ್ಷ ಮುಗಿದರೂ ಅದನ್ನು ತೆಗೆಯುತ್ತಿರಲಿಲ್ಲ.

ಆಮೇಲೆ ಕ್ವಾರಿ ಮುಚ್ಚಿತು. ಗುಡ್ಡ ಇದ್ದ ಜಾಗದಲ್ಲಿ ಗುಂಡಿ ಉಳಿಯಿತು, ಗುಂಡಿಯಲ್ಲಿ ಊಟೆ ನೀರೂ ಮಳೆ ನೀರೂ ತುಂಬಿಕೊಂಡಿತು. ನೋಡಲು ನೀಲಿಯಾಗಿ ಚೆನ್ನಾಗಿಯೇ ಇದೆ. ಆದರೆ ಅದಕ್ಕೆ ಏರಿ ಇಲ್ಲ, ತೂಬಿಲ್ಲ, ಕೋಡಿ ಇಲ್ಲ. ಎಮ್ಮೆ ಇಳಿಸಲು ಒಂದು ಕಡೆಯಾದರೂ ಇಳಿಜಾರಿಲ್ಲ. ತೊಣ್ಣೂರು ಕೆರೆ ನೋಡಿ ಬೆಳೆದ ನಾವು ಅದನ್ನು ಕೆರೆ ಅನ್ನುವುದಾದರೂ ಹೇಗೆ? ಗುಂಡಿ ಅನ್ನುತ್ತೇವೆ. ಮಾಲೀಕ ಊರು ಬಿಟ್ಟ ಮೇಲೆ ತಿಮ್ಮರಾಜು ಸ್ವಲ್ಪ ದಿನ ಅದೇ ಗುಂಡಿಯಲ್ಲಿ ಮೀನು ಬಿಟ್ಟ ಕಂಟ್ರಾಕ್ಟರನ ಹಿಂದೆ ತಿರುಗಿದ. ಅವನೂ ಹೋದ. ಮನೆ ನಡೆದದ್ದು ಬೈರಮ್ಮನ ಎರಡು ಹಸುವಿನಿಂದ. ಅವಳು ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಿದ್ದಳು, ಇವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಾಂಡವಪುರಕ್ಕೆ ಹೋಗಿ ಬರುತ್ತಿದ್ದ. ಯಾವ ಕೆಲಸಕ್ಕೆ ಎಂದು ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಮೈಸೂರಿನಿಂದ ಕಿಶನ್ ಎಂಬ ಹುಡುಗ ಏಳೆಂಟು ಜನ ಗೆಳೆಯರ ಜೊತೆ ಸೈಕಲ್ ತುಳಿದುಕೊಂಡು ಬಂದ. ಟಗರಿನ ಕೊಂಬಿನಂಥ ಹ್ಯಾಂಡಲ್ಲು, ದಪ್ಪ ಟೈರು. ಅದಕ್ಕೆ ಗ್ರ್ಯಾವೆಲ್ ಬೈಕ್ ಅನ್ನಬೇಕಂತೆ. ಜಲ್ಲಿ ರಸ್ತೆಯಲ್ಲಿ ಓಡಿಸುವುದಕ್ಕೆಂದೇ ಮಾಡಿದ್ದಂತೆ. ನಮ್ಮೂರಲ್ಲಿ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಜಲ್ಲಿಯ ಮೇಲೆ ನಮ್ಮಪ್ಪನ ಕಾಲದಿಂದ ಸೈಕಲ್ ತುಳಿದಿದ್ದೇವೆ. ಅದಕ್ಕೊಂದು ಹೆಸರಿಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಈ ಹುಡುಗರು ಲಾರಿ ಓಡಾಡಿದ ಹಳೇ ದಾರಿ ಹಿಡಿದು ಗುಂಡಿಯನ್ನು ಸುತ್ತಿದರು, ಮತ್ತೆ ಸುತ್ತಿದರು, ಬೆವರು ಒರೆಸಿಕೊಂಡು ಫೋಟೋ ತೆಗೆದುಕೊಂಡರು. ಎಲ್ಲಿಗೂ ಹೋಗುವುದಿರಲಿಲ್ಲ.

ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ತಿಮ್ಮರಾಜುವನ್ನು ಮೀರಿಸುವವರಿಲ್ಲ. ಮುಂದಿನ ಭಾನುವಾರಕ್ಕೆ ಅವರ ಪಕ್ಕದಲ್ಲಿ ನಿಂತಿದ್ದ. "ಈ ಲೇಕ್ ಹೆಸರೇನು ಸರ್?" ಎಂದು ಕಿಶನ್ ಕೇಳಿದ್ದಕ್ಕೆ, "ತಿಮ್ಮರಾಜ ಸಾಗರ" ಎಂದನಂತೆ. ಕನ್ನಂಬಾಡಿ ಕಟ್ಟೆ ಇಲ್ಲಿಂದ ಕೂಗಳತೆಯಲ್ಲಿದೆ, ಸ್ವಲ್ಪವಾದರೂ ನಾಚಿಕೆ ಬೇಡವೇ? ಮೂರು ತಿಂಗಳಲ್ಲಿ ಕಿಶನ್ ಬಳಸಿ ಬಿಟ್ಟ ಒಂದು ಸೈಕಲ್ಲು, ಒಂದು ಹೆಲ್ಮೆಟ್ಟು, ಮೈಗಂಟುವ ಕಪ್ಪು ಚಡ್ಡಿ ಇವನ ಪಾಲಿಗೆ ಬಂತು. ಐವತ್ತೆರಡು ವರ್ಷದ ಗಂಡಸು ಅದನ್ನು ತೊಟ್ಟು ಬೀದಿಯಲ್ಲಿ ಹೊರಟಾಗ ಮೂಲೆಮನೆ ಕುಳ್ಳಮ್ಮ ಕಸ ಗುಡಿಸುತ್ತಿದ್ದವಳು ನಿಂತು, "ಯಾಕಣ್ಣ, ಒಗ್ದಾಗ ಗಿಡ್ಡ ಆಗ್ಬುಡ್ತಾ?" ಎಂದು ಕೇಳಿದಳು. ಇವನು ಗಂಟೆ ಬಾರಿಸಿಕೊಂಡು ಮುಂದೆ ಹೋದ.

ಈ ಜನವರಿಯಲ್ಲಿ ಕಿಶನ್‌ನ ಕ್ಲಬ್ಬಿನವರು ಗುಂಡಿಯ ಸುತ್ತ ರೇಸ್ ಇಟ್ಟರು. ಚೆನ್ನಾಗಿ ನಡೆದರೆ ವರ್ಷ ವರ್ಷವೂ ಇಲ್ಲೇ, ಸ್ಥಳೀಯ ಉಸ್ತುವಾರಿ ತಿಮ್ಮರಾಜುವಿನದೇ ಎಂದರು. ಅವನಿಗೆ ನೆಲ ಕಾಣದಾಯಿತು. ಅಡ್ಡ ಬಂದದ್ದು ಬೈರಮ್ಮನ ಹುರುಳಿ.

ಅವಳಪ್ಪ ಅವಳಿಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಒಂದು ಎಕರೆ ಗುಂಡಿಯ ಪಕ್ಕದಲ್ಲಿದೆ. ಅಲ್ಲಿ ಅವಳೊಬ್ಬಳೇ ಹುರುಳಿ ಬೆಳೆಯುತ್ತಾಳೆ. ಕ್ರಷರ್ ನಿಂತ ಮೇಲೆ ಅದರ ಕಾಂಕ್ರೀಟ್ ಅಂಗಳವೇ ಅವಳ ಕಣ. ಕಿತ್ತು ತಂದ ಹುರುಳಿ ಗಿಡವನ್ನು ಅಲ್ಲಿ ಹರವಿ, ಒಣಗಿಸಿ, ಮೇಲೆ ಟ್ರಾಕ್ಟರು ಓಡಿಸಿದರೆ ಕಾಳು ಬೇರೆ ಹೊಟ್ಟು ಬೇರೆ. ಕಾಳು ಮನೆಗೆ, ಹೊಟ್ಟು ಹಸುಗಳಿಗೆ. ಬೇಸಿಗೆಯ ಹಾಲು ನಿಂತಿರುವುದು ಆ ಹೊಟ್ಟಿನ ಮೇಲೆ. ರೇಸಿನ ದಾರಿಯೂ ಆ ಅಂಗಳದ ಮೇಲೆಯೇ ಹಾಯುತ್ತಿತ್ತು.

ರೇಸಿನ ಹಿಂದಿನ ವಾರ ಕ್ಲಬ್ಬಿನ ಹುಡುಗರು ಹರವಿದ ಹುರುಳಿಯ ಮೇಲೆಯೇ ಹಾದುಹೋದರು. ಕಿಶನ್‌ನ ಹಿಂದಿನ ಚಕ್ರದ ಗೇರಿಗೆ ಬಳ್ಳಿ ಸುತ್ತಿಕೊಂಡು, ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಬೈರಮ್ಮ ಬಗ್ಗಿ ಒಂದು ಹಿಡಿ ಗಿಡ ಎತ್ತಿ ನೋಡಿ, "ಇಷ್ಟ್ ಜನ ತುಳಿದ್ರೂ ಒಂದ್ ಕಾಳು ಉದುರ್ನಿಲ್ವಲ್ಲ" ಎಂದು ಪಕ್ಕಕ್ಕೆ ಹಾಕಿದಳು. ನನಗೆ ಆ ಸೈಕಲ್ಲುಗಳ ಬಗ್ಗೆ ಇದ್ದ ಅಭಿಪ್ರಾಯವೂ ಅದೇ. ಕಿಶನ್ ಮಾತ್ರ ತಿಮ್ಮರಾಜುವನ್ನು ಕರೆದು, ದಾರಿ ಕ್ಲೀನ್ ಇಲ್ಲದಿದ್ದರೆ ರೇಸನ್ನು ಹೊಣಕೆರೆ ಕಡೆಗೆ ಒಯ್ಯುತ್ತೇವೆ ಎಂದ.

"ಭಾನುವಾರ ರೇಸಿನ ಸಾರಿಗೆ ಬೇಕಾದಷ್ಟು ನಾನೇ ಬಡ್ಕತೀನಿ, ಮಿಕ್ಕಿದ್ಕೆ ಸೋಮವಾರ ಟ್ರಾಕ್ಟರು ಬತ್ತದೆ. ಅಲ್ಲೀಗಂಟ ಮುಟ್ಬೇಡಿ" ಎಂದು ಬೈರಮ್ಮ ಗಂಡನಿಗೆ ಹೇಳಿದಳು, ನನ್ನ ಎದುರಿಗೇ. ಅವನು ಹೂಂ ಎಂದ.

ಶನಿವಾರ ಅಕ್ಕತಂಗಿ ಇಬ್ಬರೂ ಶೀಳನೆರೆಗೆ ನೆಂಟರ ಗೃಹಪ್ರವೇಶಕ್ಕೆ ಹೋದರು. ಬಸ್ಸು ಊರು ದಾಟಿತೋ ಇಲ್ಲವೋ, ತಿಮ್ಮರಾಜು ಜೆ.ಸಿ.ಬಿ. ತರಿಸಿದ. ನಾನು ತೋಟದಿಂದ ಬರುವ ಹೊತ್ತಿಗೆ ಅಂಗಳ ಬೋಳಾಗಿತ್ತು. ಒಂದು ಎಕರೆಯ ಹುರುಳಿ ಗುಂಡಿಯ ನೀರಿನಲ್ಲಿ ತೇಲುತ್ತಿತ್ತು.

"ಏನ್ಲಾ ಇದು?" ಎಂದೆ.

"ಪಕ್ಕಕ್ಕೆ ತಳ್ಳು ಅಂದೆ ಕಣಣ್ಣ, ಅವ್ನು ಅತ್ಲಾಗೆ ತಳ್ಬುಟ್ಟ" ಎಂದ.

ಆ ಅಂಗಳಕ್ಕೆ ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಗುಂಡಿ. ಅಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಅದು ಗೊತ್ತಿರಲಿಲ್ಲವೇ? ಬಾಯಿಗೆ ಬಂದದ್ದು ಬೈದೆ. ಅವನು ಹೆಲ್ಮೆಟ್ ಒರೆಸುತ್ತ ಕೂತಿದ್ದ.

ಸಂಜೆ ಬೈರಮ್ಮ ಬಂದು ನೋಡಿದಳು. ಸೀರೆ ಎತ್ತಿ ಕಟ್ಟಿ, ಬಂಡೆಯ ಅಂಚಿನಲ್ಲಿ ಬಗ್ಗಿ, ದೋಟಿಯಿಂದ ಎಳೆದಷ್ಟು ಎಳೆದಳು. ನಾನೂ ಸಿದ್ದಲಿಂಗಮ್ಮನೂ ಕೈ ಹಾಕಿದೆವು. ಸಿಕ್ಕಿದ್ದು ಒಂದು ಹೊರೆಯೂ ಇಲ್ಲ, ಅದೂ ಕೊಳೆಯುವಷ್ಟು ನೆನೆದಿತ್ತು.

ಭಾನುವಾರ ರೇಸು ನಡೆಯಿತು. ತಿಮ್ಮರಾಜು ಬಾವುಟ ಕಟ್ಟಿದ ಸೈಕಲ್ಲಿನಲ್ಲಿ ಮೊದಲ ಸುತ್ತು ಮುಂದೆ ಹೋದ. ಏದುಸಿರು ಬಿಟ್ಟುಕೊಂಡು ಬಂದವನ ಕೊರಳಿಗೆ ಹಾರ ಹಾಕಿದರು. ಆಮೇಲೆ ಊಟ. ಅರವತ್ತು ಜನಕ್ಕೆ ಹಳ್ಳಿ ಊಟ, ಮುದ್ದೆ ಮತ್ತು ಹುರುಳಿ ಸಾರು, ತನ್ನ ಮನೆಯಿಂದಲೇ ಎಂದು ಅವನು ಮೊದಲೇ ಒಪ್ಪಿಕೊಂಡಿದ್ದ. ಬೈರಮ್ಮ ಬೆಳಗಿನಿಂದ ಮುದ್ದೆ ಕಟ್ಟಿ, ಮಂಕರಿಯಲ್ಲಿ ಹೊತ್ತು ತಂದಿದ್ದಳು. ಅದೇ ಹಳೇ ಸೀರೆ. ಕಾಲಿಗೆ ಮೆತ್ತಿದ ಗುಂಡಿಯ ಪಾಚಿ ಇನ್ನೂ ಪೂರ್ತಿ ಹೋಗಿರಲಿಲ್ಲ.

ಅವಳು ಬಡಿಸುತ್ತ ಬಂದಾಗ ಕಿಶನ್ ತಟ್ಟೆ ಹಿಡಿದು, "ಈ ಅಮ್ಮ ನಿಮ್ಮನೆಯವರಾ ಸರ್?" ಎಂದು ತಿಮ್ಮರಾಜುವನ್ನು ಕೇಳಿದ.

ತಿಮ್ಮರಾಜು ಅವಳ ಸೀರೆ ನೋಡಿದ, ಕಾಲು ನೋಡಿದ, ತನ್ನ ಕೊರಳಿನ ಹಾರ ಸರಿಮಾಡಿಕೊಂಡ. "ಅಯ್ಯೋ ಇಲ್ಲ ಸಾರ್. ನಮ್ ಜಮೀನಲ್ಲಿ ಕೂಲಿ ಮಾಡೋಳು."

ಸಿದ್ದಲಿಂಗಮ್ಮನ ಕೈಯಲ್ಲಿದ್ದ ನೀರಿನ ಜಗ್ಗು ಅಲ್ಲೇ ನಿಂತಿತು. ನನ್ನ ಕೈ ಚಪ್ಪಲಿಯ ಕಡೆ ಹೋದದ್ದು ನಿಜ. ಬೈರಮ್ಮ ಒಂದು ಗಳಿಗೆ ಗಂಡನ ಮುಖ ನೋಡಿದಳು. ಆಮೇಲೆ ಕಿಶನ್‌ನ ತಟ್ಟೆಗೆ ಮುದ್ದೆ ಇಟ್ಟು, "ಊಂ ಸಾಮಿ, ಕೂಲಿಯೋಳು" ಎಂದಳು.

"ಸಾರು?" ಎಂದ ಕಿಶನ್.

ಅವಳು ತಿಮ್ಮರಾಜುವಿನ ಕಡೆ ತಿರುಗಿ ಸೆರಗನ್ನು ತೋಳಿಗೆ ಸುತ್ತಿಕೊಂಡು ನಿಂತಳು, ಆಳುಮಕ್ಕಳು ಧಣಿಯ ಮುಂದೆ ನಿಲ್ಲುವ ಹಾಗೆ. "ಉಳ್ಳಿಕಾಳು ಗುಂಡೀಲಿ ಐತೆ ಬುದ್ದಿ. ನೀವೇ ಆಕ್ಸಿದ್ದು. ತಗ್ಸಿ ಕೊಟ್ರೆ ಬೇಯಿಸ್ತೀನಿ."

ಅರವತ್ತು ಜನ ಬರೀ ಮುದ್ದೆ ಹಿಡಿದು ನೀರಿನ ಕಡೆ ನೋಡಿದರು. ಕನ್ನಡ ಬಾರದವರಿಗೆ ಬಂದವರು ಪಿಸುಪಿಸು ಹೇಳಿಕೊಟ್ಟರು. ತಿಮ್ಮರಾಜು ನಗಲು ನೋಡಿದ, ಆಗಲಿಲ್ಲ.

ಅಂದಿನಿಂದ ಬೈರಮ್ಮ ಒಂದು ಕೆಲಸವನ್ನೂ ತಪ್ಪಿಸಿಲ್ಲ. ಬೆಳಕು ಹರಿಯುವಾಗ ಬೀದಿ ದಾಟಿ ಹೋಗುತ್ತಾಳೆ, ಹಸು ಕರೆಯುತ್ತಾಳೆ, ಮುದ್ದೆ ತಿರುವುತ್ತಾಳೆ, "ಊಟಕ್ಕೆ ಬನ್ನಿ ಬುದ್ದಿ" ಎನ್ನುತ್ತಾಳೆ. ಕುಳ್ಳಮ್ಮನ ಎದುರಿಗೂ ಅದೇ, ಡೈರಿಯ ಕ್ಯೂನಲ್ಲೂ ಅದೇ. ಹೊತ್ತು ಮುಳುಗಿದರೆ ಕೈಕಾಲು ತೊಳೆದುಕೊಂಡು ಈಚೆ ಬಂದು ನಮ್ಮ ಮನೆಯಲ್ಲಿ ಅಕ್ಕನ ಪಕ್ಕ ಮಲಗುತ್ತಾಳೆ. ನಾನು ಜಗಲಿಗೆ ಬಂದಿದ್ದೇನೆ, ಚಿಂತೆಯಿಲ್ಲ.

ನಿನ್ನೆ ಸಂಜೆ ತಿಮ್ಮರಾಜು ಪಂಚೆ ಉಟ್ಟುಕೊಂಡು ನಮ್ಮ ಬಾಗಿಲಿಗೆ ಬಂದ. ಎಷ್ಟೋ ದಿನವಾದ ಮೇಲೆ ಅವನನ್ನು ಪಂಚೆಯಲ್ಲಿ ನೋಡಿದೆ. ಹೊಸಿಲು ದಾಟಲಿಲ್ಲ. "ಅವ್ಳನ್ನ ಕಳ್ಸಣ್ಣ, ಮನೆ ಬಿಕೋ ಅಂತದೆ" ಎಂದ. ನಾನು ಒಳಗೆ ನೋಡಿದೆ. ಬೈರಮ್ಮ ಅಕ್ಕನ ಜೊತೆ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಕೆಲ್ಸ ಮುಗೀತಲ್ಲ ಬುದ್ದಿ. ನಾಳೆ ಒತ್ತಾರೆ ಬತ್ತೀನಿ" ಎಂದಳು.