ನಾನು ಹಾಕಿದ ಸುಣ್ಣದ ಗುರುತು

ನಿನ್ನೆ ಬಡಿಗ ನಮ್ಮ ಹಿತ್ತಲ ಬಾಗಿಲ ಚೌಕಟ್ಟಿನ ಬುಡಕ್ಕೆ ಡಾಂಬರು ಬಳಿಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ಅಪ್ಪನ ನೆನಪಾಯಿತು.

ಅಪ್ಪ ಮೊರಬದ ಕಡೆ ಲೈನ್‌ಮನ್. ಆಗ ಕರೆಂಟಿನ ಕಂಬಗಳು ಕಟ್ಟಿಗೆಯವು, ಬುಡಕ್ಕೆ ಡಾಂಬರು ಬಳಿದವು. ಮಳೆಗಾಲಕ್ಕೆ ಮುಂಚೆ ಒಂದೊಂದನ್ನೂ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು. ಗಟ್ಟಿ ಕಂಬ ಠಣ್ ಎನ್ನುತ್ತದೆ, ಒಳಗೆ ಕೊಳೆತದ್ದು ಡಬ್ ಎನ್ನುತ್ತದೆ. ರಜೆಯಲ್ಲಿ ನನ್ನನ್ನೂ ಕರೆದೊಯ್ದು ಕಲಿಸಿದರು. "ನನಗಿಂತ ನಿನ್ನ ಕಿವಿ ಚುರುಕ ಐತಿ ಬೇ" ಎನ್ನುತ್ತಿದ್ದರು. ಕೊಳೆತ ಕಂಬಕ್ಕೆ ಸುಣ್ಣದಿಂದ ಕತ್ತರಿ ಗುರುತು ಹಾಕುವುದು ನನ್ನ ಕೆಲಸ.

ಹಿಟ್ಟಿನ ಗಿರಣಿಯ ಮುಂದಿನ ಕಂಬಕ್ಕೂ ಹಾಕಿದೆ. ಗಿರಣಿ ಸಾಹುಕಾರ ಹೊರಗೆ ಬಂದ. "ಕಂಬ ತಗದ್ರ ಎಂಟ ದಿನ ಗಿರಣಿ ಬಂದ್ ಆಕ್ಕೈತಿ ನೋಡ್ರಿ" ಎಂದ. ಅಪ್ಪ ಮತ್ತೊಮ್ಮೆ ಬಡಿದರು. ಡಬ್ ಎಂದದ್ದು ಅಪ್ಪನಿಗೂ ನನಗೂ ಕೇಳಿತು.

"ಅಗದಿ ಗಟ್ಟಿ ಐತ್ರಿ. ಹುಡುಗಿಗೇನ ತಿಳೀತೈತಿ" ಎಂದು ನಕ್ಕು, ಹೆಗಲ ಟವೆಲಿನಿಂದ ನನ್ನ ಗುರುತು ಒರೆಸಿದರು.

ಆಷಾಢದ ಗಾಳಿಗೆ ಆ ಕಂಬ ಬುಡದಲ್ಲೇ ಮುರಿಯಿತು. ತಂತಿ ತಗುಲಿ ಗಿರಣಿಯ ಬಾಜು ಮನೆಯ ಗಂಗವ್ವನ ಎಮ್ಮೆ ಸತ್ತಿತು. ಅಳುತ್ತಿದ್ದ ಅವಳಿಗೆ ಅಪ್ಪ, "ಗಾಳಿ ಭಾಳ ಇತ್ತ ಯವ್ವಾ, ಯಾರ ಏನ ಮಾಡೂದು" ಎಂದರು. ನನ್ನ ಕಡೆ ನೋಡಲಿಲ್ಲ. ಸಾಯುವವರೆಗೂ ಆ ಮಾತು ಎತ್ತಲಿಲ್ಲ. ನಾನೂ ಮತ್ತೆಂದೂ ಅವರ ಸುತ್ತಿಗೆ ಮುಟ್ಟಲಿಲ್ಲ.

ನಿನ್ನೆ ಚೌಕಟ್ಟನ್ನು ಬೆರಳಿನಿಂದ ಬಡಿದು, "ಒಳಗ ಕೊಳತೈತಿ, ತಗೀ" ಎಂದೆ. "ಗಟ್ಟಿ ಐತ್ರಿ ಅವ್ವಾರ" ಎಂದ ಬಡಿಗ. ನಾನು ಸುಣ್ಣ ತಂದು, ಡಾಂಬರಿನ ಮೇಲ್ಭಾಗದಲ್ಲಿ ಕತ್ತರಿ ಗುರುತು ಹಾಕಿ, ಅದು ಒಣಗುವವರೆಗೂ ಅಲ್ಲೇ ನಿಂತೆ.