ಮುನಿಆಂಜನಪ್ಪನ ಕ್ವಿನೈನು

ಹಲಸೂರಿನಲ್ಲಿ ಯಾರಿಗೆ ಸಿಡುಬು ಎದ್ದರೂ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವ ಮೊದಲೇ ಮುನಿಆಂಜನಪ್ಪ ಕ್ವಿನೈನಿನ ಡಬ್ಬಿ ಹಿಡಿದು ಬಂದು ನಿಂತಿರುತ್ತಾನೆ. ಯುದ್ಧದ ಕಾಲದಲ್ಲಿ ದಂಡಿನ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದವನು. ಈಗ ಮನೆಯ ಜಗಲಿಯೇ ಅವನ ಆಸ್ಪತ್ರೆ, ಮಾಸಿದ ಖಾಕಿ ಚಡ್ಡಿಯೇ ಅವನ ಸರ್ಟಿಫಿಕೇಟು. “ಅಮ್ಮನಿಗೆ ಬೇವು ಯಾಕಿಡ್ತೀರಿ? ಕಹಿ ಅಂತ ತಾನೆ? ಇದು ಬೇವಿಗೇ ಅಪ್ಪ!” ಎಂಬುದು ಅವನ ವೈದ್ಯಶಾಸ್ತ್ರ. ಬದುಕಿದವರೆಲ್ಲ ಅವನ ಮಾತ್ರೆಯಿಂದ ಬದುಕಿದವರು, ಸತ್ತವರೆಲ್ಲ ತಡವಾಗಿ ನುಂಗಿದವರು. ಬಜಾರಿನ ಡಾಕ್ಟರು ವರದರಾಜು ಜಗಲಿಯ ಮುಂದೆ ಸೈಕಲ್ಲು ನಿಲ್ಲಿಸಿ, “ಅದು ಮಲೇರಿಯಾಕ್ಕೆ ಕಣ್ರೀ, ಸಿಡುಬಿಗೆ ಏನೂ ಮಾಡಲ್ಲ” ಎಂದರೆ ಸಾಕು, ಬೀದಿಯೆಲ್ಲ ಸೇರುವಂತೆ ಜಗಳ ತೆಗೆಯುತ್ತಾನೆ. ತಮಿಳಿನಲ್ಲಿ ಶುರುಮಾಡಿ, ಕನ್ನಡದಲ್ಲಿ ಬೈದು, ಸೋಲುವ ಹೊತ್ತಿಗೆ ಇಂಗ್ಲಿಷಿಗೆ ಹತ್ತುತ್ತಾನೆ. ನಿನ್ನೆ ಮಾತ್ರ ಡಾಕ್ಟರು ನಿಜಕ್ಕೂ ರೇಗಿಬಿಟ್ಟರು. “ನಿಮ್ ಮಾತು ಕೇಳಿ ಜನ ಸಿಡುಬು ಬರದ ಹಾಗೆ ತೋಳಿಗೆ ದೇವಿ ಹಾಕಿಸ್ಕೊಳ್ತಿಲ್ಲ. ಇದು ಕೆಲ್ಸ ಮಾಡಲ್ಲ ಅಂತ ಒಂದ್ಸಲ ಒಪ್ಕೊಳ್ರೀ!” ಎಂದು ಕೂಗಿದರು. ಮುನಿಆಂಜನಪ್ಪನ ಕಣ್ಣು ಅರೆಮುಚ್ಚಿದ ತನ್ನ ಬಾಗಿಲ ಕಡೆ ಹೋಯಿತು. ಹೋದ ವರ್ಷ ಮಗಳು ಆದಿಲಕ್ಷ್ಮಿಗೆ ದೇವಿ ಹಾಕಲು ಬಂದವನನ್ನು ಇದೇ ಡಬ್ಬಿ ತೋರಿಸಿ ಆ ಬಾಗಿಲಿನಿಂದಲೇ ಅಟ್ಟಿದ್ದ. ಸಿಡುಬು ಬಂದಾಗ ಮಗು ಮೊದಲ ದಿನದಿಂದಲೇ ಮಾತ್ರೆ ನುಂಗಿತು, ಒಂಬತ್ತನೆಯ ದಿನ ತೀರಿಹೋಯಿತು. “ಮೆಲ್ಲಗೆ ಮಾತಾಡಿ ಸಾರ್,” ಎಂದ. “ಒಳಗೆ ಮಗೂನ ತಾಯಿ ಇದಾಳೆ.”